ಪಾಪಕ್ಷಮೆ ನೀಡಲೊಪ್ಪದ ಬಿಷಪ್: ಬಾರ್ತಲೋಮೆ ದೆ ಲಾಸ್ ಕಾಸಾಸ್

ಸುಮಾರು ಐನೂರು ವರ್ಷಗಳ ಹಿಂದೆ, ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದಲ್ಲಿ ಯುವಗುರುವೊಬ್ಬರು ಪಾಪನಿವೇದನೆಗೆಂದು ದೊಮಿನಿಕನ್ ಸಭೆಯ ಗುರುವೊಬ್ಬರ ಬಳಿ ಹೋದರು. ಅವರು ಪಾಪಕ್ಷಮೆ ನೀಡಲು ಒಪ್ಪಲಿಲ್ಲ. ಪಾಪನಿವೇದನೆಗೆ ಬಂದ ಗುರು ಅಲ್ಲಿನ ಮೂಲನಿವಾಸಿಗಳನ್ನು ದುಡಿಮೆಗೆ ಇಟ್ಟುಕೊಂಡಿದ್ದರು ಎಂಬುದೇ ಅದಕ್ಕೆ ಕಾರಣ. ಯುವಗುರು ವಾದ ಮಾಡಿ ನೋಡಿದರು. ಫಲ ಸಿಗಲಿಲ್ಲ. ಕ್ಷಮೆಯಿಲ್ಲದೆ ಮನೆಗೆ ಮರಳಿದರು, ಆದರೆ ಆಳುಗಳನ್ನು ಬಿಡಲಿಲ್ಲ. ಅವರೇ ಬಾರ್ತಲೋಮೆ ದೆ ಲಾಸ್ ಕಾಸಾಸ್.

ಸ್ಪೇನಿನ ಸೆವಿಲ್ಲೆ ನಗರದಲ್ಲಿ 1484ರಲ್ಲಿ ಹುಟ್ಟಿದ ಇವರ ತಂದೆ ಪೆದ್ರೊ, ಕೊಲಂಬಸನ ಎರಡನೇ ಯಾನದಲ್ಲಿ ಹಡಗು ಹತ್ತಿದವರು. ಮಗ 1502ರಲ್ಲಿ ಹಿಸ್ಪಾನಿಯೋಲಕ್ಕೆ ಬಂದರು. ಭೂಮಿ ಸಿಕ್ಕಿತು, ಭೂಮಿಯ ಜೊತೆಗೆ ದುಡಿಯುವ ಜನರೂ ಸಿಕ್ಕಿದರು. 1510ರಲ್ಲಿ ಅಲ್ಲೇ ತಮ್ಮ ಮೊದಲ ಬಲಿಪೂಜೆಯನ್ನು ಅರ್ಪಿಸಿದರು.

ಇಲ್ಲಿ ಎಂಕೊಮಿಯೆಂಡ ಎಂಬ ಪದ್ಧತಿಯ ಬಗ್ಗೆ ಸ್ವಲ್ಪ ಹೇಳಬೇಕು. ಇಂತಿಷ್ಟು ಮೂಲನಿವಾಸಿಗಳನ್ನು ರಾಜನ ಹೆಸರಿನಲ್ಲಿ ಒಬ್ಬ ಸ್ಪ್ಯಾನಿಷ್ ವಲಸಿಗನ ವಶಕ್ಕೆ ಒಪ್ಪಿಸಲಾಗುತ್ತಿತ್ತು. ಅವರು ಅವನ ಗದ್ದೆಯಲ್ಲಿ, ಚಿನ್ನದ ಗಣಿಯಲ್ಲಿ ದುಡಿಯಬೇಕು. ಅವನು ಅವರಿಗೆ ಕ್ರೈಸ್ತ ಧರ್ಮವನ್ನು ಕಲಿಸಬೇಕು. ಕಾಗದದ ಮೇಲೆ ಇದು ಸುವಾರ್ತಾ ಪ್ರಸಾರ. ಗಣಿಯಲ್ಲಿ ಜನ ಹಸಿವಿನಿಂದ, ಹೊಡೆತದಿಂದ, ರೋಗದಿಂದ ಸಾಯುತ್ತಿದ್ದರು. ಯೇಸುವಿನ ಹೆಸರಿನಲ್ಲಿಯೇ ಇದು ನಡೆಯುತ್ತಿತ್ತು ಎಂಬುದನ್ನು ನಾವು ಮರೆಯಬಾರದು.

1511ರ ಆಗಮನ ಕಾಲದ ಒಂದು ಭಾನುವಾರ ಸಾಂತೊ ದೊಮಿಂಗೊ ಪಟ್ಟಣದಲ್ಲಿ ದೊಮಿನಿಕನ್ ಗುರು ಆಂತೋನಿಯೋ ದೆ ಮೊಂತೆಸಿನೋಸ್ ಅಧಿಕಾರಿಗಳ, ಶ್ರೀಮಂತರ ಎದುರಿನಲ್ಲೇ ಇದನ್ನು ಖಂಡಿಸಿ ಪ್ರಬೋಧನೆ ನೀಡಿದರು. ಈ ಜನರು ಮನುಷ್ಯರಲ್ಲವೇ ಎಂದು ಕೇಳಿದರು. ಊರಿಗೆ ಊರೇ ಸಿಟ್ಟಿಗೆದ್ದು ಮಠಕ್ಕೆ ಹೋಗಿ, ಮುಂದಿನ ವಾರ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಒತ್ತಾಯಿಸಿತು. ಮುಂದಿನ ವಾರ ಅವರು ಇನ್ನೂ ಕಟುವಾಗಿ ಮಾತನಾಡಿದರು. ದರೋಡೆಕೋರರಿಗೆ ಹೇಗೋ ಹಾಗೆಯೇ ಇವರಿಗೂ ಪಾಪಕ್ಷಮೆ ಇಲ್ಲವೆಂದು ಸಾರಿದರು. ಆ ಪ್ರಬೋಧನೆಯ ವಿವರ ಇಂದು ನಮಗೆ ತಿಳಿದಿರುವುದು ಲಾಸ್ ಕಾಸಾಸರು ಬರೆದಿಟ್ಟಿದ್ದರಿಂದ. ಆದರೆ ಆಗ ಅದು ಅವರ ಬದುಕನ್ನು ಬದಲಿಸಲಿಲ್ಲ.

ಮುಂದೆ ಕ್ಯೂಬಾವನ್ನು ವಶಪಡಿಸಿಕೊಂಡ ಸೈನ್ಯದ ಜೊತೆ ಅವರು ಗುರುವಾಗಿ ಹೋದರು. ಕಾವೊನಾವೊ ಎಂಬ ಹಳ್ಳಿಯಲ್ಲಿ, ಆಹಾರ ಕೊಟ್ಟು ಸತ್ಕರಿಸಿದ ಜನರನ್ನೇ ಸೈನಿಕರು ಕಡಿದುಹಾಕಿದ್ದನ್ನು ಕಣ್ಣಾರೆ ಕಂಡರು. ಹಾತುವೇ ಎಂಬ ಮುಖಂಡನನ್ನು ಸುಡುವ ಮೊದಲು ಗುರುವೊಬ್ಬರು ಸ್ವರ್ಗದ ವಿಷಯ ಹೇಳಿದಾಗ, ಕ್ರೈಸ್ತರೂ ಅಲ್ಲಿಗೆ ಹೋಗುತ್ತಾರೆಯೇ ಎಂದು ಆತ ವಿಚಾರಿಸಿದನಂತೆ. ಹೌದೆಂದಾಗ, ಹಾಗಾದರೆ ಆ ಸ್ವರ್ಗ ತನಗೆ ಬೇಡ ಎಂದನಂತೆ. ಇದನ್ನು ದಾಖಲಿಸಿದವರೂ ಲಾಸ್ ಕಾಸಾಸರೇ. ಇಷ್ಟೆಲ್ಲ ಆದ ಮೇಲೂ, ಕ್ಯೂಬಾದಲ್ಲಿ ತಮಗೆ ಕೊಟ್ಟ ಭೂಮಿಯನ್ನೂ ಆಳುಗಳನ್ನೂ ಅವರು ಸ್ವೀಕರಿಸಿದರು.

1514ರಲ್ಲಿ ಪವಿತ್ರಾತ್ಮರ ಆಗಮನದ ಹಬ್ಬಕ್ಕಾಗಿ ಪ್ರಬೋಧನೆ ಸಿದ್ಧಪಡಿಸುತ್ತಿದ್ದಾಗ ಸಿರಾಖನ ಗ್ರಂಥದ 34ನೇ ಅಧ್ಯಾಯ ಕಣ್ಣಿಗೆ ಬಿತ್ತು. ಬಡವರಿಂದ ಕಸಿದದ್ದನ್ನು ದೇವರಿಗೆ ಕಾಣಿಕೆಯಾಗಿ ಅರ್ಪಿಸುವವರ ವಿಷಯ ಅಲ್ಲಿದೆ. ಪ್ರಬೋಧನೆಯನ್ನು ಜನರಿಗಾಗಿ ತಯಾರಿಸುತ್ತಾ ಕುಳಿತಾಗ ವಾಕ್ಯ ನಮ್ಮ ಕಡೆಗೇ ತಿರುಗಿದರೆ ಪುಟ ಮಗುಚಿ ಬೇರೆ ವಾಕ್ಯ ಹುಡುಕುವುದು ಗುರುಗಳಾದ ನಮಗೆ ಸುಲಭ. ಅವರು ಹಾಗೆ ಮಾಡಲಿಲ್ಲ. ಹಲವು ದಿನ ಚಿಂತಿಸಿ, ತಮ್ಮ ಆಳುಗಳನ್ನು ಬಿಟ್ಟುಕೊಡುವುದಾಗಿ ರಾಜ್ಯಪಾಲರಿಗೆ ತಿಳಿಸಿದರು. ಆಗಸ್ಟ್ 15ರ ಮರಿಯಮ್ಮನವರ ಹಬ್ಬದಂದು ಅದನ್ನು ಪೀಠದಿಂದಲೇ ಪ್ರಕಟಿಸಿದರು. ಜಮೀನಿನಲ್ಲಿ ಪಾಲುದಾರರಾಗಿದ್ದ ಪೆದ್ರೊ ದೆ ಲಾ ರೆಂತೆರಿಯಾ ಆಗ ಜಮೈಕಾದಲ್ಲಿದ್ದರು. ಅಲ್ಲಿ ತಪಸ್ಸುಕಾಲದ ಪ್ರಾರ್ಥನೆಯಲ್ಲಿ ಅವರ ಮನಸ್ಸೂ ಅದೇ ದಾರಿಗೆ ಬಂದಿತ್ತು! ಇಬ್ಬರೂ ಸೇರಿ ಇದ್ದುದನ್ನು ಮಾರಿ ಸ್ಪೇನಿನ ಪ್ರಯಾಣಕ್ಕೆ ಹಣ ಹೊಂದಿಸಿದರು.

ಅಲ್ಲಿಂದಾಚೆಗೆ ಐವತ್ತು ವರ್ಷಗಳ ಹೋರಾಟ. 1516ರಲ್ಲಿ ಮೂಲನಿವಾಸಿಗಳ ರಕ್ಷಕ ಎಂಬ ಅಧಿಕೃತ ಹುದ್ದೆ ದೊರೆಯಿತು. ಅದೇ ಹೊತ್ತಿನಲ್ಲಿ ಅವರು ಒಂದು ದೊಡ್ಡ ತಪ್ಪನ್ನೂ ಮಾಡಿದರು. ಮೂಲನಿವಾಸಿಗಳ ಬದಲು ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು ಸಲಹೆ ಕೊಟ್ಟರು. ಆಫ್ರಿಕಾದ ಗುಲಾಮರನ್ನು ತರುವುದು ಅದಕ್ಕೂ ಮೊದಲೇ ಶುರುವಾಗಿತ್ತು ನಿಜ, ಆದರೆ ಅದು ನೆಪವಾಗಲಾರದು. ನೆಪ ಅವರೂ ಹೇಳಲಿಲ್ಲ. ಆ ಜನರನ್ನು ಹಿಡಿದು ತಂದದ್ದೂ ಅಷ್ಟೇ ಅನ್ಯಾಯವೆಂದು ಅರಿವಾದ ಮೇಲೆ ತಮ್ಮ ಇತಿಹಾಸ ಗ್ರಂಥದಲ್ಲಿ ಅದನ್ನು ಬಹಿರಂಗವಾಗಿ ಒಪ್ಪಿಕೊಂಡು, ತಮ್ಮ ಅಜ್ಞಾನವನ್ನು ದೇವರು ಮನ್ನಿಸುವರೋ ಇಲ್ಲವೋ ಎಂಬ ಅಳುಕನ್ನೂ ಬರೆದಿಟ್ಟರು.

ಮುಂದೆ ದೊಮಿನಿಕನ್ ಸಭೆಗೆ ಸೇರಿದರು. 1537ರಲ್ಲಿ ಜಗದ್ಗುರು ಮೂರನೇ ಪೌಲರು, ಮೂಲನಿವಾಸಿಗಳ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಕಸಿಯಬಾರದೆಂದು ಆಜ್ಞಾಪತ್ರ ಹೊರಡಿಸಿದರು. 1542ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಎಂಕೊಮಿಯೆಂಡವನ್ನು ಕಡಿವಾಣಕ್ಕೆ ತರುವ ಹೊಸ ಕಾನೂನುಗಳಿಗೆ ಸಹಿ ಹಾಕಿದರು. 1544ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಲಾಸ್ ಕಾಸಾಸರು ಚಿಯಾಪಾಸಿನ ಬಿಷಪರಾಗಿ ಅಭಿಷಿಕ್ತರಾದರು.

1545ರಲ್ಲಿ ತಮ್ಮ ಪೀಠವಾದ ಸಿಯುದಾದ್ ರಿಯಾಲ್ ಪಟ್ಟಣ ಸೇರಿದ ಅವರು, ಆಳುಗಳನ್ನು ಬಿಡದ ವಲಸಿಗರಿಗೆ ಪಾಪಕ್ಷಮೆ ಕೊಡಕೂಡದೆಂದು ಆದೇಶಿಸಿದರು. ಹೆಚ್ಚಿನ ಗುರುಗಳಿಂದ ಪಾಪನಿವೇದನೆ ಕೇಳುವ ಅಧಿಕಾರವನ್ನೇ ಹಿಂತೆಗೆದುಕೊಂಡರು. ಪಾಸ್ಖ ಹಬ್ಬ ಹತ್ತಿರವಿತ್ತು. ಪಾಪಕ್ಷಮೆಯಿಲ್ಲದೆ ಪರಮಪ್ರಸಾದವಿಲ್ಲ, ಪರಮಪ್ರಸಾದವಿಲ್ಲದಿದ್ದರೆ ಊರಿನಲ್ಲಿ ಮರ್ಯಾದೆಯಿಲ್ಲ. ಚರ್ಚಿಗೆ ದಶಾಂಶ ಬರುತ್ತಿದ್ದುದು, ಗುರುಗಳು ಉಣ್ಣುತ್ತಿದ್ದುದು ಈ ವಲಸಿಗರ ಕೈಯಿಂದಲೇ. ಬಿಷಪರು ಆ ಕೈಯನ್ನೇ ತಡೆದರು. ಪ್ರಧಾನ ಗುರುಗಳು ಆಜ್ಞೆ ಮೀರಿ ಪಾಪಕ್ಷಮೆ ನೀಡಿದರು. ಅವರನ್ನು ಬಂಧಿಸಲು ಹೊರಟಾಗ ಊರಿನವರು ಆಯುಧ ಹಿಡಿದು ಬಿಷಪರ ಮನೆಗೆ ನುಗ್ಗಿದರು. ಅದೇ ವರ್ಷ ಚಕ್ರವರ್ತಿಯೂ ವಲಸಿಗರ ಒತ್ತಡಕ್ಕೆ ಮಣಿದು ಹೊಸ ಕಾನೂನಿನ ಮುಖ್ಯ ಅಂಶವನ್ನು ಹಿಂಪಡೆದರು. ಬಿಷಪರು ಧರ್ಮಪ್ರಾಂತವನ್ನು ಬಿಟ್ಟು ಹೊರಡಬೇಕಾಯಿತು. 1547ರಲ್ಲಿ ಸ್ಪೇನಿಗೆ ಮರಳಿದವರು ಮತ್ತೆ ಅಮೆರಿಕವನ್ನು ನೋಡಲಿಲ್ಲ.

ಹೋಗುವ ಮೊದಲು ಅವರು ಪಾಪನಿವೇದನೆ ಕೇಳುವ ಗುರುಗಳಿಗಾಗಿ ಹನ್ನೆರಡು ನಿಯಮಗಳನ್ನು ಬರೆದರು. ಎಂಕೊಮಿಯೆಂಡದ ಯಜಮಾನ ಮರಣಶಯ್ಯೆಯಲ್ಲಿದ್ದರೂ ಮೊದಲು ನೋಟರಿಯನ್ನು ಕರೆಸಬೇಕು. ತನ್ನ ಆಸ್ತಿಯನ್ನು ಅನ್ಯಾಯಕ್ಕೊಳಗಾದವರಿಗೆ ಹಿಂದಿರುಗಿಸಲು ಗುರುಗಳಿಗೆ ಪೂರ್ಣ ಅಧಿಕಾರ ಕೊಡುವ ಪತ್ರಕ್ಕೆ ಸಹಿ ಹಾಕಬೇಕು. ಪಾಪನಿವೇದನೆ ಆಮೇಲೆ. ಸ್ಪೇನಿನಲ್ಲಿ ಇದನ್ನು ರಾಜದ್ರೋಹವೆಂದು ಕರೆದವರಿದ್ದರು. ಕೈಬರಹದ ಪ್ರತಿಗಳನ್ನು ವಶಪಡಿಸಿಕೊಳ್ಳಲು ಆದೇಶವಾಯಿತು. 1550-51ರಲ್ಲಿ ವಲ್ಲದೊಲಿದ್ ನಗರದಲ್ಲಿ ವಿದ್ವಾಂಸ ಸೆಪುಲ್ವೇದರೊಂದಿಗೆ ಅವರು ನಡೆಸಿದ ಪ್ರಸಿದ್ಧ ವಾದದಲ್ಲೂ ಸ್ಪಷ್ಟ ತೀರ್ಪು ಬರಲಿಲ್ಲ. 1552ರಲ್ಲಿ ಅವರು ಅಚ್ಚು ಹಾಕಿಸಿದ ಪುಸ್ತಕದಲ್ಲಿ ಸತ್ತವರ ಲೆಕ್ಕ ಅತಿಯಾಗಿದೆಯೆಂದು ಇತಿಹಾಸಕಾರರು ಹೇಳುತ್ತಾರೆ. ಇರಬಹುದು. ಸತ್ತದ್ದು ಸುಳ್ಳಲ್ಲವಲ್ಲ!

1566ರ ಜುಲೈ 18ರಂದು ಮ್ಯಾಡ್ರಿಡ್ ನಗರದ ಅತೋಚ ಮಠದಲ್ಲಿ ಅವರು ಕಣ್ಮುಚ್ಚಿದರು. ಆಯುಧ ಹಿಡಿದು ಅವರ ಮನೆಗೆ ನುಗ್ಗಿದ ಆ ಸಿಯುದಾದ್ ರಿಯಾಲ್ ಪಟ್ಟಣ ಇಂದು ಮೆಕ್ಸಿಕೊ ದೇಶದಲ್ಲಿದೆ. 19ನೇ ಶತಮಾನದಲ್ಲಿ ಊರಿನ ಹೆಸರಿಗೆ ಅವರ ಹೆಸರನ್ನು ಸೇರಿಸಲಾಯಿತು. ಈಗ ಅದು ಸಾನ್ ಕ್ರಿಸ್ತೋಬಲ್ ದೆ ಲಾಸ್ ಕಾಸಾಸ್.