ಅನಸೂಯಾ ಸಾರಾಭಾಯಿ

ಒಂದು ದಿನ ಬೆಳಗ್ಗೆ ಅಹಮದಾಬಾದ್ ನಗರದ ಮನೆಯೊಂದರ ಮುಂದೆ ಹದಿನೈದು ಮಂದಿ ಕಾರ್ಮಿಕರು ನಡೆದುಹೋಗುತ್ತಿದ್ದರು. ಅವರ ಕಣ್ಣುಗಳು ತೆರೆದಿದ್ದರೂ ಅವರಿಗೆ ಎಚ್ಚರವಿದ್ದಂತೆ ತೋರುತ್ತಿರಲಿಲ್ಲ. ಅಂಗಳದಲ್ಲಿ ಕುಳಿತು ಮಕ್ಕಳ ತಲೆ ಬಾಚುತ್ತಿದ್ದ ಮಹಿಳೆಯೊಬ್ಬರು ಅವರನ್ನು ತಡೆದು, ಏನಾಯಿತೆಂದು ವಿಚಾರಿಸಿದರು. ಎರಡು ರಾತ್ರಿ ಮತ್ತು ಒಂದು ಹಗಲು, ಅಂದರೆ 36 ಗಂಟೆಗಳ ಕಾಲ, ಬಟ್ಟೆಯ ಗಿರಣಿಯಲ್ಲಿ ಎಡೆಬಿಡದೆ ದುಡಿದು ಮನೆಗೆ ಮರಳುತ್ತಿರುವುದಾಗಿ ಅವರು ತಿಳಿಸಿದರು. ಆ ಮಹಿಳೆಯೇ ಅನಸೂಯಾ ಸಾರಾಭಾಯಿ. ಅವರು ಗಿರಣಿ ಮಾಲೀಕರ ಮನೆತನದಲ್ಲಿ ಹುಟ್ಟಿದವರು.

ಅನಸೂಯಾ ಅವರು ಜನಿಸಿದ್ದು 1885ರ ನವೆಂಬರ್ 11ರಂದು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಅವರೂ, ತಮ್ಮನಾದ ಅಂಬಾಲಾಲರೂ, ತಂಗಿಯೂ ಬಂಧುವೊಬ್ಬರ ಆಶ್ರಯದಲ್ಲಿ ಬೆಳೆದರು. 13ನೆಯ ವಯಸ್ಸಿನಲ್ಲಿ ಅನಸೂಯಾ ಅವರಿಗೆ ವಿವಾಹವಾಯಿತು. ಆದರೆ ಆ ದಾಂಪತ್ಯದಲ್ಲಿ ಸುಖವಿರಲಿಲ್ಲ. ಅವರು ತವರಿಗೆ ಹಿಂದಿರುಗಿದರು. ಗಂಡನ ಮನೆ ಬಿಟ್ಟು ಬಂದ ಹೆಣ್ಣನ್ನು ಸಮಾಜವು ಹೀನವಾಗಿ ಕಾಣುತ್ತಿದ್ದ ಕಾಲ ಅದು. ಅಂತಹ ಸಮಯದಲ್ಲಿ ಅಕ್ಕನ ಓದಿಗೆ ಬೆಂಬಲವಾಗಿ ನಿಂತವರು ಅಂಬಾಲಾಲರು. ಅವರ ನೆರವಿನಿಂದ ಅನಸೂಯಾ 1912ರಲ್ಲಿ ಇಂಗ್ಲೆಂಡಿಗೆ ತೆರಳಿದರು. ವೈದ್ಯರಾಗಬೇಕೆಂಬುದು ಅವರ ಅಭಿಲಾಷೆಯಾಗಿತ್ತು. ಆದರೆ ಜೈನ ಸಂಸ್ಕಾರದಲ್ಲಿ ಬೆಳೆದ ಅವರ ಮನಸ್ಸು ಪ್ರಾಣಿಗಳ ಅಂಗಚ್ಛೇದನಕ್ಕೆ ಒಪ್ಪಲಿಲ್ಲ. ಆ ವ್ಯಾಸಂಗವನ್ನು ತೊರೆದು ಲಂಡನ್ನಿನ ಅರ್ಥಶಾಸ್ತ್ರದ ಶಾಲೆಯನ್ನು ಸೇರಿದರು. ಮತದಾನದ ಹಕ್ಕಿಗಾಗಿ ಅಲ್ಲಿನ ಸ್ತ್ರೀಯರು ನಡೆಸುತ್ತಿದ್ದ ಹೋರಾಟವನ್ನೂ, ಸಮಾಜವಾದಿ ಚಿಂತಕರ ವಿಚಾರಗಳನ್ನೂ ಹತ್ತಿರದಿಂದ ಕಂಡು 1913ರಲ್ಲಿ ತಾಯ್ನಾಡಿಗೆ ಮರಳಿದರು.

ಊರಿಗೆ ಬಂದವರು ಮೊದಲು ಕೈಗೊಂಡದ್ದು ಸೇವಾಕಾರ್ಯಗಳನ್ನು. ಗಿರಣಿ ಕಾರ್ಮಿಕರ ಮಕ್ಕಳಿಗೆ ಶಾಲೆ, ಹಸುಗೂಸುಗಳಿಗೆ ಶಿಶುವಿಹಾರ, ಹೆಣ್ಣುಮಕ್ಕಳಿಗೆ ಹೆರಿಗೆ ಮನೆ ಇವೆಲ್ಲವೂ ಒಂದೊಂದಾಗಿ ಏರ್ಪಟ್ಟವು. ಆದರೆ ಆ ಹದಿನೈದು ಮಂದಿಯನ್ನು ಕಂಡ ಮೇಲೆ ಅವರಿಗೆ ಒಂದು ಸಂಗತಿ ಸ್ಪಷ್ಟವಾಯಿತು. 36 ಗಂಟೆಗಳ ದುಡಿಮೆಯಿಂದ ಬಳಲಿದವನಿಗೆ ಶಾಲೆಯಾಗಲಿ ಔಷಧವಾಗಲಿ ಪರಿಹಾರವಲ್ಲ. ದುಡಿಮೆಯ ವೇಳೆಗೂ ಕೂಲಿಗೂ ಒಂದು ಕಟ್ಟುಪಾಡು ಬೇಕು. ಆ ಕಟ್ಟುಪಾಡು ಮಾಲೀಕನ ಕರುಣೆಯನ್ನು ಅವಲಂಬಿಸಿರಬಾರದು.

1917ರಲ್ಲಿ ಅಹಮದಾಬಾದಿಗೆ ಪ್ಲೇಗು ಬಂದಿತು. ಜನರು ಊರು ಬಿಟ್ಟು ಓಡತೊಡಗಿದಾಗ ಗಿರಣಿಗಳು ನಿಲ್ಲದಿರಲೆಂದು ಮಾಲೀಕರು ನೇಕಾರರಿಗೆ ಕೂಲಿಯ ಮುಕ್ಕಾಲು ಭಾಗದವರೆಗೂ ಹೆಚ್ಚುವರಿ ಹಣ ಕೊಟ್ಟರು. ನೂಲನ್ನು ಹಾಸು ಹೂಡುವ ಕಾರ್ಮಿಕರಿಗೆ ಈ ಲಾಭ ದೊರೆಯಲಿಲ್ಲ. ಅವರು ಅನಸೂಯಾ ಅವರ ಬಳಿಗೆ ಬಂದರು. ಆ ವರ್ಷದ ಡಿಸೆಂಬರಿನಲ್ಲಿ ನಡೆದ ಅವರ ಮುಷ್ಕರಕ್ಕೆ ಅನಸೂಯಾ ಮುಂದಾಳಾದರು. ಅಷ್ಟರಲ್ಲಿ ಪ್ಲೇಗು ಇಳಿಮುಖವಾಯಿತು; ಮಾಲೀಕರು ನೇಕಾರರ ಹೆಚ್ಚುವರಿ ಹಣವನ್ನು ನಿಲ್ಲಿಸಲು ನಿರ್ಧರಿಸಿದರು. ಆದರೆ ಯುದ್ಧಕಾಲದ ಬೆಲೆಯೇರಿಕೆ ಇಳಿದಿರಲಿಲ್ಲ. ನೇಕಾರರು ಕೂಲಿಯಲ್ಲಿ ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು. ಮಾಲೀಕರು 20ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಗಾಂಧೀಜಿಯವರು ಗಿರಣಿಗಳ ಸ್ಥಿತಿಗತಿಯನ್ನೂ ಕಾರ್ಮಿಕರ ಖರ್ಚುವೆಚ್ಚವನ್ನೂ ಪರಿಶೀಲಿಸಿ 35 ನ್ಯಾಯವೆಂದು ನಿರ್ಣಯಿಸಿದರು.

1918ರ ಫೆಬ್ರವರಿ 22ರಂದು ಗಿರಣಿಗಳಿಗೆ ಬೀಗಮುದ್ರೆ ಬಿದ್ದಿತು. ಮಾಲೀಕರ ಸಂಘದ ಮುಂದಾಳು ಬೇರೆ ಯಾರೂ ಅಲ್ಲ, ಅನಸೂಯಾ ಅವರ ತಮ್ಮ ಅಂಬಾಲಾಲರೇ. ಮುಂದೆ ಭಾರತದ ಬಾಹ್ಯಾಕಾಶ ಸಂಶೋಧನೆಗೆ ಅಡಿಪಾಯ ಹಾಕಿದ ವಿಕ್ರಮ್ ಸಾರಾಭಾಯಿಯವರು ಈ ಅಂಬಾಲಾಲರ ಮಗ. ಯಾವ ತಮ್ಮನು ತನಗೆ ಓದಿನ ಬಾಗಿಲು ತೆರೆದಿದ್ದನೋ ಆ ತಮ್ಮನ ಎದುರಿಗೆ ಅಕ್ಕ ನಿಲ್ಲಬೇಕಾಯಿತು. ಪ್ರತಿದಿನ ಸಬರಮತಿ ನದಿಯ ದಡದಲ್ಲಿ, ಜಾಲಿಯ ಮರದ ಕೆಳಗೆ ಸಾವಿರಾರು ಕಾರ್ಮಿಕರು ಸೇರುತ್ತಿದ್ದರು. ಅವರಿಗಾಗಿ ಹೊರಡುತ್ತಿದ್ದ ಕರಪತ್ರಗಳು ಅನಸೂಯಾ ಅವರ ಹೆಸರಿನಲ್ಲಿಯೇ ಪ್ರಕಟವಾಗುತ್ತಿದ್ದವು. ಆದರೂ ಅಕ್ಕತಮ್ಮಂದಿರ ವಾತ್ಸಲ್ಯಕ್ಕೆ ಕುಂದುಂಟಾಗಲಿಲ್ಲವೆಂಬುದು ಈ ಹೋರಾಟದ ವಿಶೇಷ.

ದಿನಗಳು ಉರುಳಿದಂತೆ ಕಾರ್ಮಿಕರ ಮನೆಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಯಿತು. ದಾನವನ್ನು ಬೇಡುವ ಬದಲು ದುಡಿದು ತಿನ್ನಬೇಕೆಂಬುದು ಗಾಂಧೀಜಿಯವರ ನಿಲುವಾಗಿತ್ತು. ಆಶ್ರಮದಲ್ಲಿ ಕಟ್ಟುತ್ತಿದ್ದ ನೇಯ್ಗೆಯ ಶಾಲೆಯ ಅಡಿಪಾಯಕ್ಕೆ ಮರಳು ತುಂಬಬೇಕಾಗಿತ್ತು. ಆ ಕೆಲಸ ಕಾರ್ಮಿಕರಿಗೆ ದೊರೆಯಿತು. ಹೊಳೆಯ ಪಾತ್ರದಿಂದ ಮರಳಿನ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದವರ ಮುಂದುಗಡೆ, ತಲೆಯ ಮೇಲೆ ತಾವೂ ಒಂದು ಬುಟ್ಟಿ ಹೊತ್ತು ಅನಸೂಯಾ ನಡೆಯುತ್ತಿದ್ದರು.

ಹಸಿವು ಹೆಚ್ಚಿದಾಗ ಹಲವರ ಧೈರ್ಯ ಕುಗ್ಗಿತು. ಮೋಟಾರಿನಲ್ಲಿ ಬಂದು ಹೋಗುವ ಮುಂದಾಳುಗಳಿಗೆ ನಮ್ಮ ಸಂಕಟ ಹೇಗೆ ತಿಳಿದೀತೆಂಬ ಗೊಣಗಾಟವೂ ಕೇಳಿಬಂದಿತು. ಆ ಮಾತು ಸುಳ್ಳಾಗಿರಲಿಲ್ಲ. ಅದನ್ನು ಕೇಳಿದ ಗಾಂಧೀಜಿಯವರು ಮಾರ್ಚ್ 15ರಂದು ಉಪವಾಸ ಕೈಗೊಂಡರು. ಆ ಘೋಷಣೆಯನ್ನು ಕೇಳಿದಾಗ ಅನಸೂಯಾ ಅವರ ಕಣ್ಣಿನಿಂದ ನೀರು ಹರಿಯಿತು. ಮೂರು ದಿನಗಳ ನಂತರ ಒಪ್ಪಂದವಾಯಿತು. ಆದರೆ ತಮ್ಮ ಮೇಲಿನ ಪ್ರೀತಿಯಿಂದ ಮಾಲೀಕರು ಮಣಿಯಬೇಕಾದುದರಿಂದ ಆ ಉಪವಾಸವು ದೋಷರಹಿತವಾಗಿರಲಿಲ್ಲವೆಂದು ಗಾಂಧೀಜಿಯವರೇ ಬಳಿಕ ಬರೆದುಕೊಂಡಿದ್ದಾರೆ.

ಆ ಒಪ್ಪಂದದ ರೀತಿ ವಿಚಿತ್ರವಾಗಿತ್ತು. ಮೊದಲನೆಯ ದಿನ ಕಾರ್ಮಿಕರ ಪ್ರತಿಜ್ಞೆ ಉಳಿಯುವಂತೆ ನೂರಕ್ಕೆ 35, ಎರಡನೆಯ ದಿನ ಮಾಲೀಕರ ಮಾತು ಉಳಿಯುವಂತೆ 20, ಅಲ್ಲಿಂದ ಮುಂದೆ ಪಂಚರ ತೀರ್ಪು ಬರುವವರೆಗೆ ಇವೆರಡರ ನಡುವಣ 27.5. ಪಂಚರಾದ ಆನಂದಶಂಕರ ಧ್ರುವ ಅವರು ಕಡೆಗೆ 35 ಎಂದೇ ತೀರ್ಪಿತ್ತರು.

ಈ ಅನುಭವದ ಆಧಾರದ ಮೇಲೆ 1920ರ ಫೆಬ್ರವರಿ 25ರಂದು ಮಜೂರ್ ಮಹಾಜನ ಸಂಘ ಸ್ಥಾಪನೆಯಾಯಿತು. ಅನಸೂಯಾ ಅವರು ಅದರ ಅಧ್ಯಕ್ಷರಾದರು. ಕಾರ್ಮಿಕನು ದೂರನ್ನು ಸಂಘದಲ್ಲಿ ಬರೆಸಬಹುದಾಗಿತ್ತು; ಸಂಘದವರು ಮೊದಲು ಗಿರಣಿಯವರೊಡನೆ ಮಾತನಾಡುತ್ತಿದ್ದರು; ಬಗೆಹರಿಯದಿದ್ದರೆ ವಿವಾದವು ಪಂಚರ ಮುಂದೆ ಹೋಗುತ್ತಿತ್ತು. ಕಾರ್ಮಿಕರ ಪರವಾಗಿ ಗಾಂಧೀಜಿ, ಮಾಲೀಕರ ಪರವಾಗಿ ಮಂಗಳದಾಸ್ ಗಿರಿಧರದಾಸ್ ಪಂಚರಾಗಿದ್ದರು. ದೇಶದ ಇತರ ಗಿರಣಿ ನಗರಗಳಿಗೆ ಇದೊಂದು ಹೊಸ ಮಾರ್ಗ. ಕಾರ್ಮಿಕರು ಅನಸೂಯಾ ಅವರನ್ನು ಹಿರಿಯಕ್ಕ ಎಂಬರ್ಥದಲ್ಲಿ ಮೋಟಾಬೆನ್ ಎಂದು ಕರೆಯುತ್ತಿದ್ದರು.

ಆದರೆ ಈ ವ್ಯವಸ್ಥೆಗೂ ಒಂದು ಎಲ್ಲೆಯಿತ್ತು. ಬಟ್ಟೆಯ ಪಯಣ ಗಿರಣಿಯಲ್ಲಿ ಮುಗಿಯುವುದಿಲ್ಲ. ಮಗ್ಗದಿಂದ ಇಳಿದ ಬಟ್ಟೆ ಪೇಟೆಗೆ ಹೋಗಬೇಕು, ಅಂಗಡಿಯಿಂದ ಅಂಗಡಿಗೆ ಸಾಗಬೇಕು, ಹೊಲಿಯುವವರ ಕೈ ಸೇರಬೇಕು. ಗಿರಣಿಯ ಬಾಗಿಲಿನ ಒಳಗಿದ್ದವರಿಗೆ ಸಂಘವೂ ಪಂಚರೂ ಇದ್ದರು; ಹೊರಗೆ ಆ ಬಟ್ಟೆಯ ಹೊರೆ ಹೊತ್ತವರಿಗೆ ಯಾರೂ ಇರಲಿಲ್ಲ. 1971ರಲ್ಲಿ ಅಹಮದಾಬಾದಿನ ಬಟ್ಟೆಪೇಟೆಯಲ್ಲಿ ಕೈಗಾಡಿ ಎಳೆಯುತ್ತಿದ್ದ ಕೆಲವು ಹೆಂಗಸರು ಇರಲು ಮನೆಯಿಲ್ಲವೆಂದು ಸಂಘದ ಬಾಗಿಲಿಗೆ ಬಂದರು. ಆಗ ಸಂಘದ ಮಹಿಳಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಇಳಾ ಭಟ್. ಅವರು ಪೇಟೆಗೆ ಹೋಗಿ ನೋಡಿದಾಗ ತಲೆಹೊರೆ ಹೊರುವ ಹೆಂಗಸರನ್ನೂ ಕಂಡರು. ಅಂತಹ ಹೆಂಗಸರನ್ನೆಲ್ಲ ಒಂದುಗೂಡಿಸಿ ಅವರು ಸ್ಥಾಪಿಸಿದ ಸಂಘವೇ ‘ಸೇವಾ’. ಈ ಹೆಂಗಸರಿಗೆ ಗೊತ್ತಾದ ಮಾಲೀಕನೇ ಇಲ್ಲದಿರುವಾಗ ಸಂಘ ಯಾರ ವಿರುದ್ಧ ಎಂದು ಕಾರ್ಮಿಕ ಇಲಾಖೆ ಮೊದಲು ಆಕ್ಷೇಪಿಸಿತು. ಕೊನೆಗೆ 1972ರ ಏಪ್ರಿಲ್ ತಿಂಗಳಿನಲ್ಲಿ ಅದರ ನೋಂದಣಿಯಾಯಿತು. ಅದೇ ವರ್ಷದ ನವೆಂಬರ್ 1ರಂದು, 87 ವರ್ಷ ತುಂಬಲು ಹತ್ತು ದಿನಗಳಿರುವಾಗ, ಅನಸೂಯಾಬೆನ್ ಅವರು ನಿಧನರಾದರು.