ಎಂಜಿನ್ನಿನ ನಡುಕ ನಿಲ್ಲಿಸಿದ ಲ್ಯಾಂಚೆಸ್ಟರ್

ರೋಣ, ನರಗುಂದ, ಗಜೇಂದ್ರಗಡದ ಗ್ಯಾರೇಜುಗಳಲ್ಲಿ ನಮ್ಮ ಹುಡುಗರು ಅನೇಕರು ದುಡಿಯುತ್ತಾರೆ. ಎಂಜಿನ್ ಬಿಚ್ಚಿದಾಗ ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಲ್ಲಿ ರಬ್ಬರ್ ಕೂಡಿಸಿದ ಭಾರವಾದ ಪುಲ್ಲಿ ಅವರ ಕೈಗೆ ಬರುತ್ತದೆ. ರಬ್ಬರ್ ಬಿರುಕು ಬಿಟ್ಟಿದ್ದರೂ ಬೆಲ್ಟ್ ತಿರುಗಿದರೆ ಸಾಕೆಂದು ಹಾಗೆಯೇ ಕೂಡಿಸಿಬಿಡುವುದುಂಟು. ಆದರೆ ಅದು ಬರೀ ಪುಲ್ಲಿಯಲ್ಲ.

ಕ್ರ್ಯಾಂಕ್ ಹಳೆಯದು. ಅಲ್ ಜಝರಿಯವರು 1206ರಲ್ಲಿ ಮುಗಿಸಿದ ಅರಬ್ಬಿ ಗ್ರಂಥದಲ್ಲಿ ನೀರೆತ್ತುವ ಯಂತ್ರಕ್ಕೆ ಕ್ರ್ಯಾಂಕ್ ಬಳಸಿದ್ದಾರೆ. ಅದು ವೇಗವಾಗಿ ತಿರುಗುವಾಗಿನ ನಡುಕಕ್ಕೆ ಮದ್ದು ಕಂಡುಹಿಡಿದವರು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್.

ಅವರು ಹುಟ್ಟಿದ್ದು 1868ರ ಅಕ್ಟೋಬರ್ 23ರಂದು, ಲಂಡನ್ನಿನಲ್ಲಿ. ಓದಿದರು, ಪದವಿ ಪಡೆಯಲಿಲ್ಲ. ಬರ್ಮಿಂಗ್‌ಹ್ಯಾಮಿನ ಗ್ಯಾಸ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, 1896ರ ಹೊತ್ತಿಗೆ ಸ್ವಂತ ಕಾರು ಓಡಿಸಿದರು. 1899ರಲ್ಲಿ ಕಂಪನಿ ಕಟ್ಟಿದರು. ಬಂಡವಾಳ ಸಾಲದೆ 1904ರಲ್ಲಿ ಅದು ಕೈಬಿಟ್ಟು ಹೋಯಿತು, ಮತ್ತೆ ಕಟ್ಟಲಾಯಿತು. ಮುಂದೆ ನವಾನಗರದ ಜಾಮ್‌ಸಾಹೇಬ, ಕ್ರಿಕೆಟ್ಟಿನ ರಣಜಿತ್‌ಸಿಂಹಜಿಯವರೂ ಆ ಕಾರುಗಳನ್ನು ಕೊಂಡರು.

1909ರಲ್ಲಿ ಅವರು ಡೈಮ್ಲರ್ ಕಂಪನಿಗೆ ಸಲಹೆಗಾರರಾದರು. ಅಲ್ಲಿ ಆರು ಸಿಲಿಂಡರಿನ ಎಂಜಿನ್ನುಗಳು ಕಾಡುತ್ತಿದ್ದವು. ಪ್ರತಿ ಸ್ಫೋಟಕ್ಕೂ ಉದ್ದನೆಯ ಕ್ರ್ಯಾಂಕ್‌ಶಾಫ್ಟ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತುಸು ತಿರುಚಿಕೊಂಡು ಮರಳುತ್ತದೆ. ಪಂಚಮಿ ಜೋಕಾಲಿಗೆ ಹದವರಿತು ಕೈ ಕೊಟ್ಟರೆ ತೂಗು ಏರುತ್ತ ಹೋಗುವುದಿಲ್ಲವೇ? ಹಾಗೆಯೇ ಒಂದು ವೇಗದಲ್ಲಿ ಈ ತಿರುಚು ಬೆಳೆಯುತ್ತ ಬೆಳೆಯುತ್ತ ಉಕ್ಕಿನ ಶಾಫ್ಟನ್ನೇ ಮುರಿಯಬಲ್ಲದು. ಲ್ಯಾಂಚೆಸ್ಟರ್ ಶಾಫ್ಟಿನ ತುದಿಗೆ ಒಂದು ಭಾರದ ಗಾಲಿ ಇಟ್ಟರು, ಆದರೆ ಬಿಗಿಯಾಗಿ ಜೋಡಿಸಲಿಲ್ಲ. ಎಣ್ಣೆಯಲ್ಲಿ ಜಾರುವ ಫಲಕಗಳ ಮೂಲಕ ಕೂಡಿಸಿದರು. ಶಾಫ್ಟ್ ಅದುರುತ್ತದೆ, ಗಾಲಿ ಒಂದೇ ಸಮ ತಿರುಗಲು ನೋಡುತ್ತದೆ. ಇವೆರಡರ ನಡುವಿನ ಘರ್ಷಣೆಯಲ್ಲಿ ಅದುರು ಶಾಖವಾಗಿ ಕರಗುತ್ತದೆ. ಇಂದು ಎಣ್ಣೆಯ ಫಲಕಗಳ ಜಾಗದಲ್ಲಿ ಬಹುತೇಕ ಕಾರುಗಳಲ್ಲಿ ರಬ್ಬರ್ ಇದೆ. ಬಿರುಕು ಬಿಟ್ಟ ರಬ್ಬರಿನೊಂದಿಗೆ ಗಾಡಿ ಓಡುತ್ತದೆ ನಿಜ, ಶಾಫ್ಟಿನ ಕಾವಲು ಮಾತ್ರ ಹೋಗಿರುತ್ತದೆ.

ನಾಲ್ಕು ಸಿಲಿಂಡರಿನ ರೋಗ ಬೇರೆ. ಎರಡು ಪಿಸ್ಟನ್ ಮೇಲೇರುವಾಗ ಎರಡು ಇಳಿಯುತ್ತವೆ, ಲೆಕ್ಕ ಸರಿಹೋಗಬೇಕಿತ್ತು. ಆದರೆ ಕನೆಕ್ಟಿಂಗ್ ರಾಡ್ ಓರೆಯಾಗುವುದರಿಂದ ಮೇಲರ್ಧದ ಓಟ ಕೆಳಗಿನದಕ್ಕಿಂತ ಚುರುಕು. ಉಳಿದ ಬಲ ಒಂದು ಸುತ್ತಿಗೆ ಎರಡು ಬಾರಿ ಎಂಜಿನ್ನನ್ನು ಮೇಲೆ ಕೆಳಗೆ ಕುಲುಕುತ್ತದೆ. ಅದಕ್ಕೆ ಅವರು ಒಂದು ಬದಿ ಭಾರವಿರುವ ಎರಡು ಶಾಫ್ಟುಗಳನ್ನು ಎದುರುಬದುರಾಗಿ, ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ತಿರುಗಿಸಿದರು. ಒಂದೆತ್ತು ಎಡಕ್ಕೆ, ಇನ್ನೊಂದು ಬಲಕ್ಕೆ ಎಳೆದರೂ ಬಂಡಿ ನೇರ ಸಾಗುವಂತೆ, ಇವುಗಳ ಅಡ್ಡ ಎಳೆತ ಪರಸ್ಪರ ಕಳೆಯುತ್ತದೆ. ಮೇಲು-ಕೆಳಗಿನ ಎಳೆತ ಕೂಡಿ ಪಿಸ್ಟನ್ನುಗಳ ಕುಲುಕನ್ನು ಅಳಿಸುತ್ತದೆ.

ವಿಮಾನದ ಹಾರಾಟದ ಕುರಿತು 1907 ಮತ್ತು 1908ರಲ್ಲಿ ಎರಡು ದೊಡ್ಡ ಗ್ರಂಥಗಳನ್ನೂ ಬರೆದರು. 1922ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಬಂತು, ಹಣ ಬರಲಿಲ್ಲ. ಮುಪ್ಪಿನಲ್ಲಿ ಪಾರ್ಕಿನ್ಸನ್ ಕಾಯಿಲೆ, ಮಂದವಾದ ಕಣ್ಣು, ಬಡತನ. 1946ರ ಮಾರ್ಚ್ 8ರಂದು ತೀರಿಕೊಂಡರು.

ಅವರ ಜೋಡಿ ಶಾಫ್ಟನ್ನು ಜಪಾನಿನ ಮಿತ್ಸುಬಿಶಿ ಕಂಪನಿ 1975ರಲ್ಲಿ ಸುಧಾರಿಸಿ ಕಾರುಗಳಿಗೆ ಹಾಕಿತು. ಜರ್ಮನಿಯ ಪೋರ್ಶೆ ಕಂಪನಿ ತನ್ನ 944 ಕಾರಿಗಾಗಿ ಅದನ್ನು ಬಳಸುವ ಹಕ್ಕು ಪಡೆದದ್ದು ಲ್ಯಾಂಚೆಸ್ಟರರ ಮನೆಯವರಿಂದಲ್ಲ, ಮಿತ್ಸುಬಿಶಿಯಿಂದ.