ದಮಾಮಿಯ ಸದ್ದು ಕೇಳಿದ್ದೀರಾ?

ಮಕ್ಕಳೇ, ಶಿರಸಿಯಿಂದ ಯಲ್ಲಾಪುರಕ್ಕೆ ಬಸ್ಸು ಹತ್ತಿದರೆ ಕಾಡಿನ ನಡುವೆ ಮಂಚಿಕೇರಿ ಸಿಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರಲ್ಲ, ಆಮೇಲೆ ಆಫ್ರಿಕಾದ ಪೂರ್ವ ಕರಾವಳಿಯ ಜನರನ್ನು ಗುಲಾಮರಾಗಿ ಹಡಗಿನಲ್ಲಿ ತಂದರು. ತಪ್ಪಿಸಿಕೊಂಡ ಎಷ್ಟೋ ಮಂದಿ ಘಟ್ಟದ ಕಾಡು ಸೇರಿದರು. ಹಿರಿಯರ ನುಡಿ ಹೋಯಿತು. ಈಗ ಮನೆಯಲ್ಲಿ ಕೊಂಕಣಿ ಬೆರೆತ ಮಾತು, ಪೇಟೆಯಲ್ಲಿ ಕನ್ನಡ. ತಾಳ ಮಾತ್ರ ಕೈ ಬಿಡಲಿಲ್ಲ.

ಚರ್ಮ ಬಿಗಿದ ದೊಡ್ಡ ವಾದ್ಯ ದಮಾಮ್. ಅದರ ಪೆಟ್ಟಿಗೆ ಹೆಂಗಸರು ಹೆಜ್ಜೆ ಹಾಕುತ್ತ ಹಾಡುವುದೇ ದಮಾಮಿ. ಹಾಡಿನಲ್ಲಿ ಬರುವುದು ಕಾಡು, ಪ್ರಾಣಿ, ದಿನದ ದುಡಿಮೆ. ಹಬ್ಬದ ಅಂಗಳದಲ್ಲಿ ನಡೆಯುತ್ತಿದ್ದ ಈ ಕುಣಿತವನ್ನು ಸಿದ್ದಿ ತಂಡಗಳು ಈಗ ದೂರದೂರಿನ ವೇದಿಕೆಗೂ ಒಯ್ಯುತ್ತಿವೆ.

ನೀವು ಅಮೆರಿಕದಲ್ಲಿ ಬ್ಯಾಂಜೋ ನೋಡಿರುತ್ತೀರಿ. ಅದನ್ನೂ ಮೊದಲು ಕಟ್ಟಿದವರು ಗುಲಾಮರಾಗಿ ಅತ್ತ ಹೋದ ಆಫ್ರಿಕನ್ನರೇ. ಸೋರೆ ಬುರುಡೆಗೆ ಚರ್ಮ ಬಿಗಿದು, ತಂತಿ ಎಳೆದು. ಬ್ಲೂಸ್ ಸಂಗೀತ ಹುಟ್ಟಿದ್ದು ಅವರ ಮಕ್ಕಳು ಮೊಮ್ಮಕ್ಕಳಿಂದ. 1920ರಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಹೆಣ್ಣುಮಗಳು ಹಾಡಿದ ಬ್ಲೂಸ್ ಧ್ವನಿಮುದ್ರಿಕೆ ಲಕ್ಷಾಂತರ ಕಿವಿಗಳಿಗೆ ತಲುಪಿತು. ಹಾಡು ಬೇರೆ, ವಾದ್ಯ ಬೇರೆ, ಆದರೆ ದಮಾಮಿಗೂ ಬ್ಲೂಸಿಗೂ ಹಿಂದಿನ ನೋವು ಒಂದೇ. ಇದನ್ನು ನಮ್ಮ ಸಿದ್ದಾಪುರ, ಯಲ್ಲಾಪುರದ ಕಡೆಯವರೇ ಎಷ್ಟೋ ಮಂದಿ ಯೋಚಿಸಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಸಿದ್ದಾಪುರದ ನೆರೆಯ ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಎಂಬ ನಾಟಕ ಸಂಸ್ಥೆ ಇದೆ. ಅಲ್ಲಿನ ಚಿದಂಬರ ರಾವ್ ಜಂಬೆ, ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ಮಂಚಿಕೇರಿಯ ಸಿದ್ದಿಗಳಿಂದಲೇ 'ಕಪ್ಪು ಜನ ಕೆಂಪು ನೆರಳು' ಎಂಬ ನಾಟಕವಾಗಿ ಆಡಿಸಿದರು. ಆಫ್ರಿಕಾದ ಕಥೆ ಆಫ್ರಿಕಾದ ರಕ್ತಕ್ಕೆ ಕನ್ನಡದಲ್ಲಿ ಮರಳಿ ಬಂತು! ಗಿರಿಜಾ ಸಿದ್ದಿ, ಗೀತಾ ಸಿದ್ದಿ ಇಂದು ರಂಗಭೂಮಿಯ ಹೆಸರಾಂತ ಕಲಾವಿದೆಯರು; ಗಿರಿಜಾ ಹಿಂದೂಸ್ತಾನಿ ಗಾಯಕಿಯೂ ಹೌದು. ಕಾಡಿನ ಹಾಡು ಕೇಳುತ್ತ ಬೆಳೆದ ಕಂಠದಲ್ಲಿ ಈಗ ರಾಗದ ಆಲಾಪವೂ ಇದೆ.

ಮುಂದಿನ ರಜೆಗೆ ಅಜ್ಜಿಮನೆಗೆ ಹೋದಾಗ ಶಿರಸಿಯ ಮಾರಿಕಾಂಬೆಗೆ ಕೈಮುಗಿದು, ಯಾಣದ ಬಂಡೆ ನೋಡಿ ಅಷ್ಟಕ್ಕೇ ಹಿಂತಿರುಗಬೇಡಿ. ಒಂದು ಸಂಜೆ ದಮಾಮಿ ಕೇಳಿ ಬನ್ನಿ. ಹಾಡಿದ ಅಕ್ಕಂದಿರ ಹೆಸರು ಕೇಳಿ, ನೆನಪಿಡಿ. ಬಂದ ಮೇಲೆ ನಮ್ಮ ಕೂಟದಲ್ಲಿ ಅದನ್ನು ನೀವೇ ಹೇಳಬೇಕು.